ಸೇವಾಯಾತ್ರೆ: ದಾನವೋ, ದಾಸೋಹವೋ?

ಪರೋಪಕಾರವು ಶ್ರೇಷ್ಠವಾದ ಧರ್ಮವೆಂಬುದನ್ನು ಅಲ್ಲಗಳೆಯುವ ಮತವು ಲೋಕದಲ್ಲಿಲ್ಲ. ಹಸಿದವನಿಗೆ ಅನ್ನವನ್ನೂ, ಬಾಯಾರಿದವನಿಗೆ ನೀರನ್ನೂ, ದಿಕ್ಕಿಲ್ಲದ ಶಿಶುವಿಗೆ ಆಶ್ರಯವನ್ನೂ ಕೊಡಬೇಕೆಂದು ಎಲ್ಲ ಧರ್ಮಗಳೂ ಒಕ್ಕೊರಲಿನಿಂದ ಸಾರಿವೆ. ಆದರೆ ಹನ್ನೆರಡನೆಯ ಶತಮಾನದ ಶಿವಶರಣರು ಈ ಮಾತಿಗೆ ಸಮ್ಮತಿಯಿತ್ತು ಸುಮ್ಮನಾಗಲಿಲ್ಲ. ಕೊಡುವುದು ಒಳ್ಳೆಯದೇ ಸರಿ. ಆದರೆ ಕೊಡುವ ಕೈಯ ಹಿಂದೆ ಇರುವ ಭಾವ ಯಾವುದು? ಕೊಟ್ಟ ಪದಾರ್ಥವು ಎಲ್ಲಿಂದ ಬಂದುದು? ಪಡೆದವನು ಪಡೆದ ಮೇಲೆ ತಲೆಯೆತ್ತಿ ನಡೆಯಬಲ್ಲನೋ, ಇಲ್ಲವೆ ತಲೆ ತಗ್ಗಿಸಿಕೊಂಡು ಹಿಂದಿರುಗುವನೋ? ಈ ಮೂರು ಪ್ರಶ್ನೆಗಳನ್ನು ಅವರು ಪ್ರತಿಯೊಬ್ಬ ದಾತನ ಮುಂದೆಯೂ ಇಟ್ಟರು. ದಾನವೆಂಬ ಹಳೆಯ ಶಬ್ದವು ಇದ್ದೂ ದಾಸೋಹವೆಂಬ ಶಬ್ದವು ಅವರಿಗೆ ಬೇಕಾದುದು ಈ ಪ್ರಶ್ನೆಗಳ ಕಾರಣದಿಂದಲೇ.

ಈಚಿನ ಕಾಲದಲ್ಲಿ ಪರೋಪಕಾರವು ಒಂದು ಹೊಸ ರೂಪವನ್ನು ತಾಳಿದೆ. ಅದನ್ನು ಸೇವಾಯಾತ್ರೆಯೆಂದು ಕರೆಯಬಹುದು. ವಿದ್ಯಾರ್ಥಿಗಳೂ, ಉದ್ಯೋಗಸ್ಥರೂ, ಕೆಲವೊಮ್ಮೆ ಇಡೀ ಕುಟುಂಬಗಳೂ ತಮ್ಮ ಊರನ್ನು ಬಿಟ್ಟು ದೂರದ ಊರಿಗೋ ದೇಶಕ್ಕೋ ಹೋಗಿ, ಅಲ್ಲಿ ಒಂದು ವಾರ ಅಥವಾ ಎರಡು ವಾರ ನಿಂತು, ಬಡಮಕ್ಕಳಿಗೆ ಪಾಠ ಹೇಳಿ, ಆಟವಾಡಿಸಿ, ಆಹಾರ ಬ್ಯಾಂಕುಗಳಲ್ಲಿ ಧಾನ್ಯವನ್ನು ಅಳೆದು ಕಟ್ಟಿ, ಹಸಿದವರಿಗೆ ಬಡಿಸಿ ಹಿಂದಿರುಗುತ್ತಾರೆ. ಹೋಗುವವರ ಮನಸ್ಸು ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಸುಖವಾಗಿ ಮನೆಯಲ್ಲಿ ಕಳೆಯಬಹುದಾದ ರಜೆಯ ದಿನಗಳನ್ನು ಅನ್ಯರಿಗಾಗಿ ಕಳೆಯುವುದು ಸಾಮಾನ್ಯವಾದ ಗುಣವಲ್ಲ. ಆದರೆ ಈ ಯಾತ್ರೆಯು ದಾನವೋ ದಾಸೋಹವೋ ಎಂಬುದನ್ನು ಶರಣರ ಒರೆಗಲ್ಲಿನ ಮೇಲೆ ತಿಕ್ಕಿ ನೋಡದ ಹೊರತು ನಿರ್ಣಯಿಸಲಾಗದು.

ಇಂತಹ ಯಾತ್ರೆಗೆ ಒಂದು ಪೂರ್ವಚರಿತ್ರೆಯುಂಟು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, ೧೯೨೦ರಲ್ಲಿ, ಪಿಯರ್ ಸೆರೆಸೋಲ್ ಎಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರನು ಕೆಲವರು ಸಂಗಡಿಗರೊಡನೆ ಫ್ರಾನ್ಸಿನ ವೆರ್ಡನ್ ಬಳಿಯ, ಯುದ್ಧದಲ್ಲಿ ಹಾಳಾಗಿದ್ದ ಒಂದು ಹಳ್ಳಿಗೆ ಹೋಗಿ ಅದನ್ನು ಮತ್ತೆ ಕಟ್ಟುವ ಕಾರ್ಯಕ್ಕೆ ಕೈಯಿಟ್ಟನು. ಅವನ ತಂಡದಲ್ಲಿ ಶತ್ರುದೇಶವೆನಿಸಿದ್ದ ಜರ್ಮನಿಯವರೂ ಇದ್ದರು. ೧೯೩೪ರ ಜನವರಿಯಲ್ಲಿ ಬಿಹಾರವು ಭೂಕಂಪದಿಂದ ತತ್ತರಿಸಿದಾಗ ಅದೇ ಸೆರೆಸೋಲನು ಭಾರತಕ್ಕೆ ಬಂದು ಮನೆಮಾರು ಕಳೆದುಕೊಂಡ ಹಳ್ಳಿಗರ ಪುನರ್ವಸತಿಯ ಕೆಲಸದಲ್ಲಿ ದುಡಿದನು. ಅವನ ಪಂಥದಲ್ಲಿ ಮಾತಿಗಿಂತ ಕೃತಿಗೆ ಹಿರಿಯ ಸ್ಥಾನ. ಸ್ವತಂತ್ರ ಭಾರತದಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು ೩೭ ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ‘ನನಗಲ್ಲ, ನಿನಗೆ’ ಎಂಬ ಅರ್ಥದ ಧ್ಯೇಯವಾಕ್ಯವನ್ನು ಹೊತ್ತು ಕಾಲೇಜಿನ ತರುಣರು ಹಳ್ಳಿಗಳಲ್ಲಿ ಶಿಬಿರ ಹೂಡಿ ರಸ್ತೆ, ಚರಂಡಿ, ಶಾಲೆಯ ಅಂಗಳಗಳಲ್ಲಿ ಮೈಮುರಿದು ದುಡಿಯುವ ಪದ್ಧತಿಯು ಅಂದಿನಿಂದ ನಡೆದುಬಂದಿದೆ. ಈ ಎರಡು ಉದಾಹರಣೆಗಳಲ್ಲಿಯೂ ಯಾತ್ರಿಕನು ಗುದ್ದಲಿಯನ್ನು ಹಿಡಿದು ಹೋದವನೇ ಹೊರತು ಕೈಯಲ್ಲಿ ಕಾಣಿಕೆಯನ್ನು ಹಿಡಿದು ಹೋದವನಲ್ಲ. ಇದನ್ನು ನೆನಪಿನಲ್ಲಿಡತಕ್ಕದ್ದು.

ಆಹಾರ ಬ್ಯಾಂಕಿನ ಹುಟ್ಟು ಇದಕ್ಕಿಂತಲೂ ಬೋಧಪ್ರದವಾದುದು. ಅಮೆರಿಕದ ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬಾತನು ಬಡವರ ಭೋಜನಶಾಲೆಯೊಂದರಲ್ಲಿ ಸ್ವಯಂಸೇವಕನಾಗಿದ್ದನು. ತೋಟಗಳಲ್ಲಿ ಕೊಯ್ಯದೆ ಉಳಿದ ಹಣ್ಣುಗಳನ್ನು ಆಯ್ದು ತಂದು ಅಲ್ಲಿಗೆ ಒಪ್ಪಿಸುತ್ತಿದ್ದನು. ಒಂದು ದಿನ, ಅಂಗಡಿಯ ಕಸದ ತೊಟ್ಟಿಯಲ್ಲಿ ತಿನ್ನಲು ಯೋಗ್ಯವಾದುದನ್ನು ಆರಿಸಿ ತಂದು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿಯ ಪರಿಚಯವು ಅವನಿಗಾಯಿತು. ಹಣವನ್ನು ಇಟ್ಟು ತೆಗೆಯುವ ಬ್ಯಾಂಕಿನಂತೆ, ಬಿಸುಡುವ ಆಹಾರವನ್ನು ಇಟ್ಟು, ಬೇಕಾದವರು ತೆಗೆದುಕೊಳ್ಳುವ ಸ್ಥಳವೊಂದಿದ್ದರೆ ಎಷ್ಟು ಒಳ್ಳೆಯದು ಎಂದು ಆಕೆಯೇ ಅವನಿಗೆ ಸೂಚಿಸಿದಳೆಂದು ಹೇಳುತ್ತಾರೆ. ಆ ಮಾತನ್ನು ಹಿಡಿದು ೧೯೬೭ರಲ್ಲಿ ಅವನು ಅಲ್ಲಿನ ಸೇಂಟ್ ಮೇರೀಸ್ ಚರ್ಚಿನ ನೆರವಿನಿಂದ ಮೊತ್ತಮೊದಲನೆಯ ಆಹಾರ ಬ್ಯಾಂಕನ್ನು ತೆರೆದನು. ಅಲ್ಲಿಂದ ಅದು ಅಮೆರಿಕದ ನಗರನಗರಕ್ಕೂ ಆಮೇಲೆ ಅನ್ಯದೇಶಗಳಿಗೂ ಹಬ್ಬಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಮಹತ್ತಾದ ಕಲ್ಪನೆಯು ಮೊಳೆತುದು ದಾತನ ತಲೆಯಲ್ಲಿ ಅಲ್ಲ. ಕಸದ ತೊಟ್ಟಿಯ ಮುಂದೆ ನಿಂತ ಬಡತಾಯಿಯ ತಲೆಯಲ್ಲಿ. ದಾತನ ಹಿರಿಮೆಯು ಅದನ್ನು ಕಿವಿಗೊಟ್ಟು ಕೇಳಿದುದರಲ್ಲಿದೆ.

ಕನ್ನಡ ನಾಡಿನ ಭಕ್ತರಿಗೆ ಈ ವೃತ್ತಾಂತವನ್ನು ಕೇಳಿದೊಡನೆ ಇನ್ನೊಂದು ಚಿತ್ರವು ಕಣ್ಣಮುಂದೆ ಬಾರದಿರದು. ಕಲ್ಯಾಣದ ಬೀದಿಯಲ್ಲಿ, ಮಹಾಮನೆಯ ಅಂಗಳದಲ್ಲಿ, ಚೆಲ್ಲಿದ ಅಕ್ಕಿಯ ಕಾಳುಗಳನ್ನು ಒಂದೊಂದಾಗಿ ಆಯ್ದು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ ಆಯ್ದಕ್ಕಿ ಮಾರಯ್ಯನವರ ಚಿತ್ರವದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರಿಗೆ ಅಕ್ಕಿಯನ್ನು ಆಯುವುದೇ ಕಾಯಕ. ಆಯ್ದು ತಂದ ಅಕ್ಕಿಯಿಂದ ಜಂಗಮದಾಸೋಹವನ್ನು ನಡೆಸುವುದೇ ವ್ರತ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದರು. ದಂಪತಿಗಳ ಬಡತನವನ್ನು ಕಂಡು ಮರುಗಿದ ಬಸವಣ್ಣನವರೇ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂದು ಕಥೆಯು ಹೇಳುತ್ತದೆ. ಲಕ್ಕಮ್ಮನವರು ಆ ರಾಶಿಯನ್ನು ನೋಡಿ ಹಿಗ್ಗಲಿಲ್ಲ. ಇದು ದಿನದ ಅಳತೆಗೆ ಮೀರಿದುದು, ಇದರಲ್ಲಿ ಆಸೆಯ ಸೋಂಕಿದೆ ಎಂದು ಪತಿಯನ್ನು ಎಚ್ಚರಿಸಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಅಳತೆಯ ಅಕ್ಕಿಯಲ್ಲಿಯೇ ಅಡುಗೆ ಮಾಡಿ ಕಲ್ಯಾಣದ ಶರಣಸಮೂಹಕ್ಕೆಲ್ಲ ಬಡಿಸಿದರೆಂಬುದು ಕಥೆಯ ಮುಂದಿನ ಭಾಗ.

ಈ ಕಥೆಯನ್ನು ನಿರಾಸೆಯ ದೃಷ್ಟಾಂತವೆಂದು ಮಾತ್ರ ಓದುವುದು ವಾಡಿಕೆ. ಅದರಲ್ಲಿ ಇನ್ನೊಂದು ಮರ್ಮವಿದೆ. ಬಸವಣ್ಣನವರ ಕರುಣೆಯೂ ಇಲ್ಲಿ ತಿದ್ದಿಸಿಕೊಂಡಿತು. ಮಂತ್ರಿಪದವಿಯಲ್ಲಿದ್ದ, ಭಕ್ತಿಭಂಡಾರಿಯೆನಿಸಿದ ಮಹಾಪುರುಷನು ಮರುಕದಿಂದ ಕೊಟ್ಟುದನ್ನು ಅಕ್ಕಿ ಆಯುವ ಬಡವರ ಮನೆಯ ಗೃಹಿಣಿಯು ಹಿಂದಿರುಗಿಸಿದಳು. ಏತಕ್ಕೆಂದರೆ ಆ ಮರುಕವು ಅವರ ಕಾಯಕವನ್ನು ಮರೆತಿತ್ತು. ದುಡಿದು ತಿಂದು ಇತರರಿಗೂ ಬಡಿಸಬಲ್ಲವರನ್ನು ಬೇಡಿ ತಿನ್ನುವವರ ಸಾಲಿಗೆ ಸೇರಿಸುವಂತಿತ್ತು. ಮೋಳಿಗೆ ಮಾರಯ್ಯನವರ ಕಥೆಯೂ ಇದನ್ನೇ ಬೇರೊಂದು ಬಗೆಯಲ್ಲಿ ಹೇಳುತ್ತದೆ. ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆಯನ್ನು ಮಾರಿ ಬದುಕುತ್ತಿದ್ದ ಆ ಶರಣನು ಮನೆಯಲ್ಲಿಲ್ಲದಾಗ ಬಸವಣ್ಣನವರು ಬಂದು, ಅವನ ಮಡದಿ ಮಹಾದೇವಮ್ಮ ನೀಡಿದ ಅಂಬಲಿಯನ್ನು ಸವಿದು, ಯಾರಿಗೂ ತಿಳಿಯದಂತೆ ಹೊನ್ನನ್ನು ಇಟ್ಟು ಹೋದರಂತೆ. ಅದನ್ನು ಕಂಡ ಮಾರಯ್ಯನಿಗೆ ಸಂತೋಷವಾಗಲಿಲ್ಲ, ನೋವಾಯಿತು. ಆ ಹೊನ್ನನ್ನು ಜಂಗಮರಿಗೆ ಹಂಚಿ ತನಗೆ ಯಾವ ಕೊರತೆಯೂ ಇಲ್ಲವೆಂಬುದನ್ನು ಅವನು ತೋರಿಸಿಕೊಟ್ಟನು. ಗುಟ್ಟಾಗಿ ಕೊಟ್ಟರೂ, ಪ್ರೀತಿಯಿಂದ ಕೊಟ್ಟರೂ, ಕೇಳದೆ ಕೊಟ್ಟ ದಾನವು ಸ್ವಾಭಿಮಾನಿಯ ಮನಸ್ಸಿಗೆ ಮುಳ್ಳಾಗಬಲ್ಲದು. ಶರಣಸಾಹಿತ್ಯವು ತನ್ನ ನಾಯಕನಾದ ಬಸವಣ್ಣನವರನ್ನೇ ಈ ಪಾಠದ ವಿದ್ಯಾರ್ಥಿಯನ್ನಾಗಿ ಚಿತ್ರಿಸಿರುವುದು ಅದರ ಹಿರಿಮೆ. ಬಸವಣ್ಣನವರಿಗೆ ಬೇಕಾದ ಪಾಠವು ಒಂದು ವಾರದ ಸೇವಾಯಾತ್ರಿಕನಿಗೆ ಬೇಡವೆನ್ನಬಹುದೆ?

ದಾನ ಮತ್ತು ದಾಸೋಹಗಳ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ದಾನದಲ್ಲಿ ಇಬ್ಬರಿರುತ್ತಾರೆ: ಮೇಲೆ ನಿಂತು ಕೊಡುವವನೊಬ್ಬ, ಕೆಳಗೆ ನಿಂತು ಕೊಳ್ಳುವವನೊಬ್ಬ. ಕೊಡುವವನಿಗೆ ಪುಣ್ಯ, ಕೊಳ್ಳುವವನಿಗೆ ಋಣ. ದಾಸೋಹದಲ್ಲಿ ಈ ಲೆಕ್ಕವು ತಲೆಕೆಳಗಾಗುತ್ತದೆ. ‘ನಾನು ದಾಸ’ ಎಂಬುದೇ ಆ ಶಬ್ದದ ಅರ್ಥವಾದುದರಿಂದ ಕೊಡುವವನು ತನ್ನನ್ನು ಕೆಳಗೆ ಇರಿಸಿಕೊಳ್ಳುತ್ತಾನೆ. ಬಂದವನು ಜಂಗಮಸ್ವರೂಪಿ, ಅವನು ಉಂಡರೆ ಉಣಿಸಿದವನು ಧನ್ಯ. ಪದಾರ್ಥವೂ ತನ್ನದಲ್ಲ, ಶಿವನದು. ಅದು ಶಿವನಿಂದ ಬಂದು ಶಿವನಿಗೇ ಸಲ್ಲುವಾಗ ನಡುವೆ ಇರುವ ಕೈಗೆ ಅಹಂಕಾರಪಡಲು ಎಡೆಯೇ ಇಲ್ಲ. ತನ್ನ ಪಾಲಿನದು ಕಾಯಕವೊಂದೇ. ಆದುದರಿಂದಲೇ ಕಾಯಕವಿಲ್ಲದ ದಾಸೋಹವು ಬರಿಯ ಆಡಂಬರವೆಂದೂ, ದಾಸೋಹವಿಲ್ಲದ ಕಾಯಕವು ಬರಿಯ ಹೊಟ್ಟೆಪಾಡೆಂದೂ ಅನುಭಾವಿಗಳು ತಿಳಿದರು.

ಇನ್ನು ಮೊದಲು ಹೇಳಿದ ಮೂರು ಪ್ರಶ್ನೆಗಳನ್ನು ಸೇವಾಯಾತ್ರೆಗೆ ಒಂದೊಂದಾಗಿ ಹಚ್ಚಿ ನೋಡತಕ್ಕದ್ದು.

ಮೊದಲನೆಯದು ಭಾವದ ಪ್ರಶ್ನೆ. ಆಹಾರ ಬ್ಯಾಂಕಿನಲ್ಲಿ ನಡೆಯುವ ಕೆಲಸದ ಬಹುಭಾಗವು ಕಣ್ಣಿಗೆ ಕಾಣುವಂತಹದಲ್ಲ. ಬಂದ ಪೆಟ್ಟಿಗೆಗಳನ್ನು ಬಿಚ್ಚಿ ವಿಂಗಡಿಸಬೇಕು. ಉಬ್ಬಿದ ಡಬ್ಬಿಗಳನ್ನೂ, ಅಂಚು ಜಜ್ಜಿಹೋದ ಡಬ್ಬಿಗಳನ್ನೂ ತೆಗೆದುಹಾಕಬೇಕು. ಅವಧಿಯ ತಾರೀಖನ್ನು ಓದಿ, ಬೇಗ ಕೆಡುವುದನ್ನು ಮುಂದಕ್ಕೂ ಬಹುಕಾಲ ಇರುವುದನ್ನು ಹಿಂದಕ್ಕೂ ಜೋಡಿಸಬೇಕು. ತೂಗಬೇಕು, ಕಟ್ಟಬೇಕು, ನೆಲವನ್ನು ಗುಡಿಸಬೇಕು. ಹಸಿದವನ ಮುಖವನ್ನೇ ಕಾಣದೆ ದಿನವಿಡೀ ಮೂಟೆಗಳ ನಡುವೆ ನಿಲ್ಲುವ ಈ ಕೆಲಸದಲ್ಲಿ ‘ನಾನು ಕೊಟ್ಟೆ’ ಎಂಬ ಸುಖಕ್ಕೆ ಅವಕಾಶವು ಕಡಿಮೆ. ಬಡಿಸುವ ಸೌಟನ್ನು ಹಿಡಿಯಲು ಹತ್ತು ಕೈಗಳು ಮುಂದೆ ಬರುತ್ತವೆ. ಕೊಪ್ಪರಿಗೆಯನ್ನು ಬೆಳಗಲು ಎಷ್ಟು ಕೈಗಳು ಬರುತ್ತವೆ? ಯಾತ್ರಿಕನ ಭಾವವನ್ನು ಅಳೆಯಲು ಇದಕ್ಕಿಂತ ಸರಳವಾದ ಅಳತೆಗೋಲು ಬೇರೊಂದಿಲ್ಲ. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗವು ಜಾರಿ ಬಿದ್ದರೂ ಕಾಯಕವನ್ನು ಬಿಡದೆ ನಡೆದರೆಂದೂ, ಕೊನೆಗೆ ಲಿಂಗದೇವನೇ ಕಾಯಕಕ್ಕೆ ಒಪ್ಪಿ ಹಗ್ಗವನ್ನು ಮಾರಲು ಹೊರಟನೆಂದೂ ಕಥೆಯಿದೆ. ದೇವರಿಗೇ ವಿನಾಯಿತಿಯಿಲ್ಲದ ಕಾಯಕದಿಂದ ದೂರದಿಂದ ಬಂದ ಅತಿಥಿಗೆ ವಿನಾಯಿತಿಯಿರಲಾರದು.

ಎರಡನೆಯದು ಪದಾರ್ಥದ ಪ್ರಶ್ನೆ. ಚಂದಯ್ಯನವರ ಅದೇ ಕಥೆಯಲ್ಲಿ, ಹಗ್ಗಕ್ಕೆ ನ್ಯಾಯವಾದ ಬೆಲೆಗಿಂತ ಬಹುಪಾಲು ಹೆಚ್ಚು ಹೊನ್ನು ಮಹಾಮನೆಯಿಂದ ದೊರೆತಾಗ ಅವರು ಅದನ್ನು ಒಪ್ಪಲಿಲ್ಲ. ಸತ್ಯಶುದ್ಧವಾದ ಕಾಯಕದಿಂದ ಬಂದುದಲ್ಲದೆ ದಾಸೋಹಕ್ಕೆ ಸಲ್ಲದೆಂಬುದು ಅವರ ನಿಷ್ಠೆ. ಈ ನಿಷ್ಠೆಯ ಬೆಳಕಿನಲ್ಲಿ ಯಾತ್ರಿಕನು ತನ್ನ ಪ್ರಯಾಣದ ಖರ್ಚನ್ನು ನೋಡಿಕೊಳ್ಳಬೇಕಾಗುತ್ತದೆ. ಕಡಲಾಚೆಯ ದೇಶಕ್ಕೆ ವಿಮಾನದಲ್ಲಿ ಹೋಗಿ ಬರಲು ತಗಲುವ ಹಣವು ಅಲ್ಲಿನ ಅಡುಗೆಯವಳೊಬ್ಬಳಿಗೆ ಹಲವು ತಿಂಗಳ ಸಂಬಳವಾದೀತು. ಆ ಹಣವನ್ನು ಯಾತ್ರಿಕನು ತನ್ನ ದುಡಿಮೆಯಿಂದ ತಂದಿದ್ದರೆ ಅದೊಂದು ಬಗೆ. ಬಂಧುಬಳಗದವರಿಂದ ಬಡವರ ಹೆಸರಿನಲ್ಲಿ ಎತ್ತಿ ತನ್ನ ಪ್ರಯಾಣಕ್ಕೆ ಬಳಸಿದ್ದರೆ ಅದು ಇನ್ನೊಂದು ಬಗೆ. ಪ್ರಯಾಣವೇ ಕೂಡದೆಂದು ಇದರ ಅರ್ಥವಲ್ಲ. ಹಣವನ್ನು ಕಳುಹಿಸಿದವನಿಗೆ ಕಾಣದ ಎಷ್ಟೋ ಸಂಗತಿಗಳು ಹೋಗಿ ನಿಂತವನಿಗೆ ಕಾಣುತ್ತವೆ. ಆದರೆ ಪ್ರಯಾಣದಿಂದ ತನಗೆ ದೊರೆತ ಅರಿವನ್ನು ತಾನು ಪಡೆದ ಪ್ರಸಾದವೆಂದು ಒಪ್ಪಿಕೊಳ್ಳಬೇಕೇ ಹೊರತು ತಾನು ಮಾಡಿದ ತ್ಯಾಗದ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು.

ಪದಾರ್ಥದ ಪ್ರಶ್ನೆಗೆ ಇನ್ನೂ ಆಳವಾದ ಮುಖವೊಂದಿದೆ. ಆಹಾರ ಬ್ಯಾಂಕಿಗೆ ಬರುವ ಅನ್ನವು ಉಳ್ಳವರ ಅಂಗಡಿಯಲ್ಲಿ, ಹೊಲದಲ್ಲಿ, ಮನೆಯಲ್ಲಿ ಮಿಕ್ಕುದು. ವಿಶ್ವಸಂಸ್ಥೆಯ ಪರಿಸರ ಶಾಖೆಯು ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ, ೨೦೨೨ರ ಒಂದೇ ವರ್ಷದಲ್ಲಿ ಲೋಕದ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಭೋಜನಶಾಲೆಗಳಲ್ಲಿಯೂ ವ್ಯರ್ಥವಾಗಿ ಹೋದ ಆಹಾರವು ೧೦೫ ಕೋಟಿ ಟನ್. ಕೊಳ್ಳುವವರಿಗೆ ದೊರೆಯುವ ಆಹಾರದಲ್ಲಿ ಇದು ಸುಮಾರು ಐದರಲ್ಲಿ ಒಂದು ಪಾಲು. ಅದೇ ಕಾಲದಲ್ಲಿ ೭೮ ಕೋಟಿಗೂ ಹೆಚ್ಚು ಜನರು ಹಸಿವಿನಲ್ಲಿದ್ದರು. ಈ ಎರಡು ಅಂಕೆಗಳು ಒಂದರ ಪಕ್ಕದಲ್ಲಿ ಒಂದು ನಿಂತಿರುವಾಗ ಅನ್ನದಾತನೆಂಬ ಹೆಮ್ಮೆಗೆ ಎಲ್ಲಿಯ ಆಧಾರ? ಮಿಕ್ಕುದನ್ನು ಹಂಚುವುದು ಒಳ್ಳೆಯದು. ಮಿಗುವಷ್ಟು ಕೂಡಿಹಾಕದಿರುವುದು ಅದಕ್ಕಿಂತ ಒಳ್ಳೆಯದು. ಲಕ್ಕಮ್ಮನವರು ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದುದು ಈ ಅರ್ಥದಲ್ಲಿ ಎಲ್ಲ ಆಹಾರ ಬ್ಯಾಂಕುಗಳಿಗೂ ಮೊದಲನೆಯ ಪಾಠ. ಸೇವಾಯಾತ್ರೆಯಿಂದ ಹಿಂದಿರುಗಿದವನ ಮನೆಯಲ್ಲಿ ಅನ್ನವು ಮೊದಲಿನಂತೆಯೇ ಚೆಲ್ಲಿಹೋಗುತ್ತಿದ್ದರೆ ಅವನು ಹೋದುದು ಎಲ್ಲಿಗೆ, ಕಲಿತುದು ಏನನ್ನು?

ಮೂರನೆಯದು ಪಡೆಯುವವನ ಪ್ರಶ್ನೆ. ಇದೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಅದರಲ್ಲಿಯೂ ಪಡೆಯುವವನು ಮಗುವಾಗಿದ್ದರೆ ಇನ್ನೂ ಸೂಕ್ಷ್ಮ. ದೊಡ್ಡವನು ಬೇಡವೆನ್ನಬಲ್ಲನು, ಮೋಳಿಗೆ ಮಾರಯ್ಯನಂತೆ ಕೊಟ್ಟುದನ್ನು ಹಂಚಿಬಿಡಬಲ್ಲನು. ಮಗುವು ಹಾಗೆ ಮಾಡಲಾರದು. ಹೀಗೊಂದು ಸಂದರ್ಭವನ್ನು ಊಹಿಸಬಹುದು. ತಂದೆತಾಯಿಯರಿಂದ ದೂರವಿರುವ ಆರು ವರ್ಷದ ಮಗುವೊಂದು ಇರುವ ನಿಲಯಕ್ಕೆ ಒಳ್ಳೆಯ ಮನಸ್ಸಿನ ತರುಣಿಯೊಬ್ಬಳು ಹತ್ತು ದಿನಗಳ ಸೇವೆಗೆ ಬರುತ್ತಾಳೆ. ಮಗುವನ್ನು ಎತ್ತಿಕೊಳ್ಳುತ್ತಾಳೆ, ಕಥೆ ಹೇಳುತ್ತಾಳೆ, ತಲೆ ಬಾಚುತ್ತಾಳೆ. ಮಗುವು ಅವಳನ್ನು ಅಕ್ಕಾ ಎಂದು ಕರೆಯತೊಡಗುತ್ತದೆ. ಹನ್ನೊಂದನೆಯ ದಿನ ಅಕ್ಕನು ಕಣ್ಣೊರೆಸಿಕೊಂಡು ಹೊರಟುಹೋಗುತ್ತಾಳೆ. ಮುಂದಿನ ತಿಂಗಳು ಇನ್ನೊಬ್ಬಳು ಅಕ್ಕ, ಅದರ ಮುಂದಿನ ತಿಂಗಳು ಮತ್ತೊಬ್ಬ ಅಣ್ಣ. ಹೋಗುವವರ ನೆನಪಿನಲ್ಲಿ ಆ ಹತ್ತು ದಿನಗಳು ಬಾಳಿನ ಸವಿಯಾದ ದಿನಗಳಾಗಿ ಉಳಿಯುತ್ತವೆ. ಮಗುವಿಗಾದರೋ, ಪ್ರೀತಿಸಿದವರೆಲ್ಲರೂ ಬಿಟ್ಟುಹೋಗುವವರೇ ಎಂಬ ಕಹಿಯಾದ ತಿಳಿವಳಿಕೆಯೊಂದು ಮನಸ್ಸಿನ ಆಳದಲ್ಲಿ ನೆಲಸಬಹುದು. ಇಲ್ಲಿ ಯಾರು ಯಾರಿಗೆ ಕೊಟ್ಟರು? ಮಗುವೇ ತನ್ನ ಹೃದಯವನ್ನು ಕೊಟ್ಟಿತು. ಬಂದವರು ಅದನ್ನು ಪಡೆದು ಹೋದರು.

ಇದು ಕಲ್ಪನೆಯ ಭಯವಷ್ಟೇ ಅಲ್ಲ. ಕಾಂಬೋಡಿಯ ದೇಶದಲ್ಲಿ ೨೦೦೫ರಿಂದ ೨೦೧೦ರವರೆಗಿನ ಐದು ವರ್ಷಗಳಲ್ಲಿ ಅನಾಥಾಲಯಗಳ ಸಂಖ್ಯೆಯು ಬಹುಬೇಗನೆ ಏರಿತು. ಪ್ರವಾಸಿಗಳೂ ಸ್ವಯಂಸೇವಕರೂ ತಂದು ಸುರಿದ ಹಣವು ಆ ಏರಿಕೆಗೆ ಮುಖ್ಯವಾದ ಕಾರಣಗಳಲ್ಲಿ ಒಂದಾಗಿತ್ತು. ವಿಶ್ವಸಂಸ್ಥೆಯ ಮಕ್ಕಳ ನಿಧಿಯ ಬೆಂಬಲದಿಂದ ನಡೆದ ಪರಿಶೀಲನೆಯಲ್ಲಿ, ಆ ಆಲಯಗಳಲ್ಲಿದ್ದ ಮಕ್ಕಳಲ್ಲಿ ಬಹುಪಾಲಿನವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಬದುಕಿದ್ದರೆಂಬುದು ಕಂಡುಬಂದಿತು. ಬಡತನದಿಂದ ಕಂಗೆಟ್ಟ ತಂದೆತಾಯಿಯರು ವಿದ್ಯೆಯ ಆಸೆಯಿಂದ ಮಕ್ಕಳನ್ನು ಕಳುಹಿಸಿದ್ದರು. ಸೇವೆ ಮಾಡಬೇಕೆಂಬ ಹಂಬಲವೇ ಅನಾಥರಲ್ಲದ ಮಕ್ಕಳನ್ನು ಅನಾಥರನ್ನಾಗಿ ಮಾಡಿತು! ದಾತನಿಗೆ ದಾನಪಾತ್ರರು ಬೇಕೇಬೇಕೆಂದಾಗ ಲೋಕವು ಪಾತ್ರರನ್ನು ಸೃಷ್ಟಿಸಿ ಕೊಡುತ್ತದೆಂಬ ಈ ಕಟುಸತ್ಯವನ್ನು ದಾನಶೂರರೆಲ್ಲರೂ ಮನನ ಮಾಡತಕ್ಕದ್ದು.

ಕನ್ನಡ ನಾಡಿನ ಮಠಗಳ ಉಚಿತ ಪ್ರಸಾದನಿಲಯಗಳಲ್ಲಿಯೂ ಬಡವರ ಮಕ್ಕಳು ತಂದೆತಾಯಿಯರಿಂದ ದೂರವಿದ್ದು ಓದುತ್ತಾರೆ. ಆದರೆ ಅಲ್ಲಿನ ಉತ್ತಮ ಪರಂಪರೆಯಲ್ಲಿ ಕಾಣುವ ವಿಶೇಷವೆಂದರೆ ನಿಂತವರ ಸೇವೆ. ತುಮಕೂರಿನ ಸಿದ್ಧಗಂಗಾ ಮಠದ ಹೊಣೆಯನ್ನು ೧೯೪೧ರಲ್ಲಿ ಹೊತ್ತ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾಗುವವರೆಗೆ ಅಲ್ಲಿಯೇ ನಿಂತರು. ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ಪಡೆದು ಹೋದ ಹುಡುಗನು ಹತ್ತಾರು ವರ್ಷಗಳ ಮೇಲೆ ತನ್ನ ಮಗನೊಡನೆ ಹಿಂದಿರುಗಿ ಬಂದಾಗಲೂ ಅದೇ ಸ್ವಾಮಿಗಳು, ಅದೇ ಆರದ ಒಲೆ, ಅದೇ ಪ್ರಾರ್ಥನೆ. ಮಗುವಿಗೆ ಬೇಕಾದುದು ಅನೇಕರ ಹತ್ತು ದಿನಗಳ ಪ್ರೀತಿಯಲ್ಲ. ಕೆಲವರ ಹತ್ತು ವರ್ಷಗಳ ಸ್ಥೈರ್ಯ. ಆ ಸ್ಥೈರ್ಯವನ್ನು ಕೊಡಬಲ್ಲವರು ಅಲ್ಲಿಯೇ ಇರುವ ಗುರುಗಳು, ಉಪಾಧ್ಯಾಯರು, ಅಡುಗೆಯವರು. ಬಂದು ಹೋಗುವವನು ಮಾಡಬಹುದಾದ ನಿಜವಾದ ಉಪಕಾರವೆಂದರೆ ಅವರ ಕೈಯ ಭಾರವನ್ನು ಇಳಿಸುವುದು. ನೀರನ್ನು ಹೊತ್ತು, ಮೂಟೆಯನ್ನು ಇಳಿಸಿ, ತರಕಾರಿಯನ್ನು ಹೆಚ್ಚಿ, ಗೋಡೆಗೆ ಸುಣ್ಣ ಬಳಿದುಕೊಟ್ಟರೆ, ಅಡುಗೆಯವಳಿಗೆ ಆ ಸಂಜೆ ಮಕ್ಕಳೊಡನೆ ಕುಳಿತು ಮಾತಾಡಲು ಒಂದು ಗಳಿಗೆ ದೊರೆಯುತ್ತದೆ. ಯಾತ್ರಿಕನು ಮಗುವಿಗೆ ಕೊಡಬಹುದಾದ ಅತ್ಯುತ್ತಮವಾದ ಕಾಣಿಕೆಯು ಆ ಗಳಿಗೆ.

ಇಲ್ಲಿ ಕೆಲವರು ಆಕ್ಷೇಪಿಸಬಹುದು. ಹಸಿದವನಿಗೆ ಬೇಕಾದುದು ಅನ್ನ. ಬಡಿಸುವವನ ಅಂತರಂಗದ ಪರೀಕ್ಷೆಯಿಂದ ಅವನ ಹೊಟ್ಟೆ ತುಂಬುವುದೇ? ಭಾವವು ಶುದ್ಧವಾಗುವವರೆಗೆ ಕಾಯುತ್ತ ಕುಳಿತರೆ ಬಡವನು ಸತ್ತುಹೋಗುವುದಿಲ್ಲವೇ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಹಸಿವು ಕಾಯಲಾರದು. ಅಹಂಕಾರದಿಂದ ಕೊಟ್ಟ ಅನ್ನವೂ ಹೊಟ್ಟೆಯನ್ನು ತುಂಬುತ್ತದೆ. ಕೊಡದಿರುವುದಕ್ಕಿಂತ ಅದು ಮೇಲು. ಶರಣರು ಹಸಿವನ್ನು ಲಘುವಾಗಿ ಕಂಡವರಲ್ಲ. ಮಹಾಮನೆಯ ಪಂಕ್ತಿಯೇ ಅದಕ್ಕೆ ಸಾಕ್ಷಿ. ಆದರೆ ಅವರು ಒಂದು ಹೊತ್ತಿನ ಹಸಿವಿನ ಆಚೆಗೂ ನೋಡಿದರು. ಅನ್ನವನ್ನು ಪಡೆದು ಮಾನವನ್ನು ಕಳೆದುಕೊಂಡವನು ನಾಳೆಯೂ ಕೈಯೊಡ್ಡಬೇಕಾಗುತ್ತದೆ. ಮಾನದೊಡನೆ ಅನ್ನವನ್ನು ಪಡೆದವನು ನಾಳೆ ಇನ್ನೊಬ್ಬನಿಗೆ ಬಡಿಸುತ್ತಾನೆ. ಭಾವದ ಪರೀಕ್ಷೆಯು ಕೊಡುವವನ ಮೋಕ್ಷಕ್ಕಾಗಿ ಮಾತ್ರವಲ್ಲ, ಪಡೆಯುವವನ ನಾಳೆಗಾಗಿಯೂ ಬೇಕು. ಅನುಭವವುಳ್ಳ ಆಹಾರ ಬ್ಯಾಂಕುಗಳು ಇದನ್ನು ತಾವಾಗಿಯೇ ಕಂಡುಕೊಂಡಿವೆ. ಮೊದಲೇ ಕಟ್ಟಿಟ್ಟ ಗಂಟನ್ನು ಕೈಗೆ ಕೊಟ್ಟು ಕಳುಹಿಸುವ ಬದಲು, ಅಂಗಡಿಯಲ್ಲಿರುವಂತೆ ಪದಾರ್ಥಗಳನ್ನು ಜೋಡಿಸಿ, ಬಂದವರು ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳುವ ಪದ್ಧತಿಯು ಅನೇಕ ಕಡೆಗಳಲ್ಲಿ ಬಂದಿದೆ. ಬೇಡದುದು ಮನೆಗೆ ಹೋಗಿ ಕೆಡುವುದು ತಪ್ಪುತ್ತದೆ. ಆರಿಸುವ ಸ್ವಾತಂತ್ರ್ಯದೊಡನೆ ಮನುಷ್ಯನ ಮರ್ಯಾದೆಯೂ ಉಳಿಯುತ್ತದೆ. ಫೀನಿಕ್ಸಿನ ಆ ತಾಯಿಯು ಬಯಸಿದ ಬ್ಯಾಂಕು ಇಂತಹದೇ ಅಲ್ಲವೇ? ಬ್ಯಾಂಕಿಗೆ ಹೋಗುವವನು ಭಿಕ್ಷುಕನಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿದರೆ, ದಾತನ ಇಚ್ಛೆಯನ್ನೇ ಅವಲಂಬಿಸದ ಅನ್ನವು ಮಗುವಿಗೆ ಅತ್ಯಂತ ಗೌರವದ ಅನ್ನ. ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೦೧ರ ನವೆಂಬರ್ ೨೮ರಂದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆಲ್ಲ ಮಧ್ಯಾಹ್ನದ ಬಿಸಿಯೂಟವನ್ನು ಕೊಡಬೇಕೆಂದು ಆಜ್ಞಾಪಿಸಿತು. ೨೦೦೨ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂಬ ಹೆಸರು ಬಂದುದು ಅರ್ಥಪೂರ್ಣವಾಗಿದೆ. ಆ ಪಂಕ್ತಿಯಲ್ಲಿ ಕುಳಿತ ಮಗುವು ಯಾರಿಗೂ ಋಣಿಯಲ್ಲ. ಯಾವ ದಾತನ ಭಾವಚಿತ್ರಕ್ಕೂ ಕೈಮುಗಿಯಬೇಕಾಗಿಲ್ಲ. ಹಸಿದಿರುವುದರಿಂದ ಉಣ್ಣುತ್ತದೆ, ಮಗುವಾಗಿರುವುದರಿಂದ ಉಣ್ಣುತ್ತದೆ. ಕಾನೂನಿನ ಭಾಷೆಯಲ್ಲಿ ಇದು ಹಕ್ಕು. ಶರಣರ ಭಾಷೆಯಲ್ಲಿ ಇದು ಪ್ರಸಾದ. ಎರಡರ ತಿರುಳೂ ಒಂದೇ: ಅನ್ನವು ಒಬ್ಬನ ಔದಾರ್ಯವಲ್ಲ.

ಹಾಗಾದರೆ ಸೇವಾಯಾತ್ರೆಗೆ ಸ್ಥಾನವೇ ಇಲ್ಲವೇ? ಉಂಟು. ಆದರೆ ಅದು ದಾಸೋಹವಾಗಬೇಕಾದರೆ ಕೆಲವು ನಿಯಮಗಳಿಗೆ ಒಳಪಡಬೇಕು. ಒಂದನೆಯದು, ಹೊರಡುವ ಮೊದಲು ಕೇಳುವುದು. ಏನು ಬೇಕೆಂಬುದನ್ನು ಅಲ್ಲಿರುವವರು ಹೇಳಬೇಕೇ ಹೊರತು ಹೋಗುವವನು ನಿರ್ಣಯಿಸತಕ್ಕುದಲ್ಲ. ಬೇಡವೆಂಬ ಉತ್ತರ ಬಂದರೆ ಲಕ್ಕಮ್ಮನವರ ಮಾತೆಂದು ಅದನ್ನು ಶಿರಸಾವಹಿಸತಕ್ಕದ್ದು. ಎರಡನೆಯದು, ಕಾಣದ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳುವುದು. ಮೂರನೆಯದು, ಪಡೆಯುವವರ ಬಡತನವನ್ನು ತನ್ನ ಕೀರ್ತಿಗೆ ಬಂಡವಾಳ ಮಾಡಿಕೊಳ್ಳದಿರುವುದು. ಹಸಿದ ಮಗುವಿನ ಚಿತ್ರವನ್ನು ತೆಗೆದು ನಾಲ್ವರಿಗೆ ತೋರಿಸುವವನು ಒಂದು ತುತ್ತನ್ನು ಕೊಟ್ಟು ಅದಕ್ಕಿಂತ ಹೆಚ್ಚಿನ ಬೆಲೆಯನ್ನು ವಸೂಲು ಮಾಡಿದಂತೆಯೇ. ನಾಲ್ಕನೆಯದು, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು. ಬಡಿಸಿದ ಮೇಲೆ ಬೇರೆ ಕೋಣೆಯಲ್ಲಿ ಬೇರೆ ಊಟವನ್ನು ಮಾಡುವವನು ಇನ್ನೂ ದಾನದ ಮೆಟ್ಟಿಲಿನಲ್ಲಿಯೇ ಇದ್ದಾನೆ. ಮಕ್ಕಳ ನಡುವೆ ಕುಳಿತು ಅದೇ ಮುದ್ದೆಯನ್ನು, ಅದೇ ಸಾರನ್ನು ಉಂಡವನು ದಾಸೋಹದ ಬಾಗಿಲನ್ನು ದಾಟಿದ್ದಾನೆ. ಐದನೆಯದು, ಹಿಂದಿರುಗಿದ ಮೇಲೆ ಯಾತ್ರೆಯನ್ನು ಮುಂದುವರಿಸುವುದು. ದೂರದ ಮಗುವಿನ ಹಸಿವನ್ನು ಕಂಡು ಕರಗಿದ ಕಣ್ಣು ತನ್ನ ಮನೆಯ ಕೆಲಸದಾಕೆಯ ಮಗುವಿನ ಶಾಲೆಯ ಶುಲ್ಕವನ್ನೂ, ತನ್ನ ಬೀದಿಯ ಕಟ್ಟಡದ ಕೂಲಿಯವರ ಒಲೆಯನ್ನೂ ಕಾಣದಿದ್ದರೆ, ಆ ಕರಗುವಿಕೆಯು ಊರು ನೋಡಿದವನ ಬೆರಗಿಗಿಂತ ಹೆಚ್ಚಿನದಲ್ಲ.

ದಿನಗಳ ಎಣಿಕೆಯು ಇಲ್ಲಿ ಮುಖ್ಯವಲ್ಲ. ಕಾಯಕದಲ್ಲಿ ಹಿರಿದು ಕಿರಿದೆಂಬ ಭೇದವಿಲ್ಲದಿರುವಂತೆ ಸೇವೆಯಲ್ಲಿಯೂ ಏಳು ದಿನವೆಂದು ಅಲ್ಪವಲ್ಲ, ಎಪ್ಪತ್ತು ವರ್ಷವೆಂದು ಅಹಂಕರಿಸತಕ್ಕುದೂ ಅಲ್ಲ. ಏಳು ದಿನಗಳವರೆಗೆ ಕೊಪ್ಪರಿಗೆಯನ್ನು ಬೆಳಗಿ, ಯಾರ ಹೊಗಳಿಕೆಯನ್ನೂ ಬಯಸದೆ, ಹೊರಡುವಾಗ ‘ನನ್ನಿಂದ ಇವರಿಗೇನಾಯಿತು’ ಎಂದು ಕೇಳಿಕೊಳ್ಳುವುದಕ್ಕೆ ಬದಲಾಗಿ ‘ಇವರಿಂದ ನನಗೆ ಆದುದಕ್ಕೆ ಹೇಗೆ ಸಲ್ಲುವೆನು’ ಎಂದು ಕೇಳಿಕೊಂಡವನು ಶರಣರ ದಾರಿಯಲ್ಲಿ ಒಂದು ಹೆಜ್ಜೆಯನ್ನಿಟ್ಟಂತೆ. ಕಲ್ಯಾಣದ ಅಂಗಳದಲ್ಲಿ ಬಾಗಿ ಅಕ್ಕಿಯನ್ನು ಆಯುತ್ತಿದ್ದ ಮಾರಯ್ಯನವರ ಬೆನ್ನು ಬಾಗಿತ್ತು, ತಲೆ ತಗ್ಗಿರಲಿಲ್ಲ. ಹಸಿದವನ ತಲೆಯನ್ನು ತಗ್ಗಿಸದಂತೆ ತನ್ನ ಬೆನ್ನನ್ನು ಬಾಗಿಸಬಲ್ಲವನು ಯಾವನೋ ಅವನ ಯಾತ್ರೆಯೇ ದಾಸೋಹವೆನಿಸುತ್ತದೆ. ಅಂತಹ ಯಾತ್ರಿಕರು ಮನೆಮನೆಯಿಂದಲೂ ಹೊರಡಲಿ. ಅವರ ಯಾತ್ರೆಯು ಮೊದಲು ತಮ್ಮ ಮನೆಯ ಹೊಸ್ತಿಲಿನಿಂದಲೇ ಆರಂಭವಾಗಲಿ.